ಹಂಪೆಯ ರಥಬೀದಿಯಲ್ಲಿ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವಿದೆ. ವಿರೂಪಾಕ್ಷನ ದರ್ಶನದ ತವಕದಲ್ಲಿ ಆ ಊರನ್ನು ಹೆಚ್ಚಿನವರು ಗಮನಿಸುವುದಿಲ್ಲ, ನಾವೂ ಗಮನಿಸಲಿಲ್ಲ.

ದೇವಾಲಯದ ಮಹಾದ್ವಾರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದದ ರಥಬೀದಿ. ಇಕ್ಕೆಲದ ಕಲ್ಲುಮಂಟಪಗಳ ಸಾಲಿನಲ್ಲಿ ಹಿಂದೆ ಸಂಸಾರಗಳೇ ನೆಲೆಸಿದ್ದವು. ಕಂಬಗಳ ನಡುವೆ ಗೋಡೆಯೆಬ್ಬಿಸಿ ಒಲೆ ಹೂಡಿದ್ದರು. ಮುಂಭಾಗದಲ್ಲಿ ಹೂವು, ಕಾಯಿ, ಚಹಾದ ಅಂಗಡಿ. ದೇವರ ದರ್ಶನಕ್ಕಾಗಲಿ, ತುಂಗಭದ್ರೆಯ ಸ್ನಾನಕ್ಕಾಗಲಿ, ನೆರೆಮನೆಯ ಸುಖದುಃಖಕ್ಕಾಗಲಿ ನಾಲ್ಕು ಹೆಜ್ಜೆ ನಡೆದರಾಯಿತು.

ಹಂಪೆ 1986ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಪ್ರವಾಸಿಗರು ಹೆಚ್ಚಿದಂತೆ ಅಂಗಡಿಗಳೂ ಹೆಚ್ಚಿದವು. ಇದರಿಂದ ಪ್ರಾಚೀನ ಮಂಟಪಗಳಿಗೆ ಧಕ್ಕೆಯಾದುದನ್ನು ಅಲ್ಲಗಳೆಯಲಾಗದು. 2011ರ ಜುಲೈನಲ್ಲಿ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಅಲ್ಲಿದ್ದವರಿಗೆ ಬದಲಿ ನಿವೇಶನವೆಂದು ಗೊತ್ತುಮಾಡಿದ್ದು ನಾಲ್ಕು ಕಿಲೋಮೀಟರು ದೂರದ ಇದೇ ಕಡ್ಡಿರಾಂಪುರದಲ್ಲಿ.

ಬಯಲಾದ ಕಂಬಸಾಲು ನೋಡಲು ಭವ್ಯವೇ ಸರಿ. ಆದರೆ ಬಾಯಾರಿದಾಗ ನೀರು ಕೇಳಲು ಒಂದು ಬಾಗಿಲಿಲ್ಲ. ಅರಸರ ಕಾಲಕ್ಕೂ ಇದು ಪೇಟೆಯೇ ಆಗಿತ್ತಲ್ಲವೆ? ಜನರಿಲ್ಲದ ಪೇಟೆಯನ್ನು ಅವರು ಕಲ್ಪಿಸಿರಲಾರರು.

ಸಂಜೆ ಮರಳುವಾಗ ಬರಿದಾದ ಹೂಬುಟ್ಟಿ ಹಿಡಿದ ವೃದ್ಧೆಯೊಬ್ಬರು ಬಸ್ಸೇರಿದರು. “ಮನೆ ಎಲ್ಲಿ, ಅಮ್ಮಾ?” ಎಂದೆವು. ರಥಬೀದಿಯತ್ತ ಕೈ ಎತ್ತಿದವರು, ತಡೆದು, “ಕಡ್ಡಿರಾಂಪುರ” ಎಂದರು.