ಮೂಳೆಯ ಯಾವ ತುದಿ ಉಳಿಯಿತು?

ಹಿತ್ತಿಲಲ್ಲಿ ನಾಯಿ ಮೂಳೆ ಕಡಿಯುವ ಸದ್ದು ಕೇಳಿದರೆ ನಾನು ಕೈಯಲ್ಲಿದ್ದ ಪುಸ್ತಕ ಮಗುಚಿಟ್ಟು ಎದ್ದು ಹೋಗುತ್ತೇನೆ. ಮುಂಗಾಲುಗಳಲ್ಲಿ ಮೂಳೆಯನ್ನು ಅವುಚಿಕೊಂಡು, ತಲೆಯನ್ನು ಒಂದು ಕಡೆಗೆ ವಾಲಿಸಿ, ದವಡೆಹಲ್ಲಿಗೆ ಕೊಟ್ಟು ಕರಕರ ಅಗಿಯುತ್ತಿರುತ್ತದೆ. ಮೊದಲು ಸವೆಯುವುದು ಮೆತ್ತನೆಯ ಗಂಟು. ಗಟ್ಟಿ ನಡುಭಾಗದ ಸರದಿ ಕೊನೆಗೆ. ನಾಯಿ ಎದ್ದುಹೋದ ಮೇಲೆ ಉಳಿದ ತುಂಡನ್ನು ಬಿಸಿಲಿಗೆ ಓರೆಯಾಗಿ ಹಿಡಿಯಬೇಕು. ಅಲ್ಲಲ್ಲಿ ಸಣ್ಣ ಗುಳಿ, ಅಡ್ಡಡ್ಡ ಗೀರು, ತುದಿಯಲ್ಲಿ ತೋಡಿದ ಹಳ್ಳ. ಚಾಕು ಎಳೆದ ಗೀರು ತಳದಲ್ಲಿ ಚೂಪಾಗಿರುತ್ತದೆ, ಹಲ್ಲಿನ ಗೀರಿನ ತಳ ಅಗಲ, ದುಂಡಗೆ. ಮುಳ್ಳುಹಂದಿ ಕಡಿದಿದ್ದರೆ ಉಳಿಯಿಂದ ಹೆರೆದ ಹಾಗೆ ಸಾಲುಸಾಲು ಚಪ್ಪಟೆ ಗೆರೆ.

ಕತ್ತೆಕಿರುಬಕ್ಕೆ ಮೂಳೆಯೂ ಊಟ. ಅದರ ಹಿಕ್ಕೆ ಒಣಗಿದರೆ ಸುಣ್ಣದ ಹಾಗೆ ಬಿಳಿ. 1821ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಕರ್ಕ್‌ಡೇಲ್ ಗುಹೆಯಲ್ಲಿ ಆನೆ, ಘೇಂಡಾಮೃಗ, ನೀರಾನೆಗಳ ಮೂಳೆಚೂರುಗಳ ಜೊತೆಗೆ ಅಂಥ ಬಿಳಿ ಉಂಡೆಗಳೂ ಸಿಕ್ಕವು. ಆ ಕಾಲದಲ್ಲಿ ಇಂಥ ಮೂಳೆ ಕಂಡರೆ ನೋಹನ ಪ್ರಳಯದಲ್ಲಿ ಕೊಚ್ಚಿಕೊಂಡು ಬಂದವು ಅನ್ನುತ್ತಿದ್ದರು. ಆಕ್ಸ್‌ಫರ್ಡ್‌ನ ವಿಲಿಯಂ ಬಕ್‌ಲ್ಯಾಂಡ್ ಪಾದ್ರಿಯೂ ಹೌದು, ಭೂವಿಜ್ಞಾನಿಯೂ ಹೌದು. ಅವರು ಜೀವಂತ ಕತ್ತೆಕಿರುಬವೊಂದಕ್ಕೆ ಎತ್ತಿನ ಕಾಲ್ಮೂಳೆ ಹಾಕಿಸಿ ನೋಡಿದರು. ಅದು ತಿನ್ನದೆ ಬಿಟ್ಟ ಭಾಗಗಳೇ ಗುಹೆಯಲ್ಲೂ ಉಳಿದಿದ್ದವು. ಕಡಿದ ಗುರುತುಗಳೂ ಅವೇ. ಗುಹೆ ಕತ್ತೆಕಿರುಬಗಳ ಬಿಲವಾಗಿತ್ತು. ಉತ್ತರಕ್ಕಾಗಿ ಗ್ರಂಥ ತಿರುವದೆ ಪ್ರಾಣಿಯ ಬಾಯಿಯನ್ನೇ ಕೇಳಿದ ಆ ಪಾದ್ರಿಯ ಮೇಲೆ ನನಗೆ ಬಹಳ ಪ್ರೀತಿ.

ಈ ಪಾಠ ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಬೇಕಾಯಿತು. ಮಕಪಾನ್ಸ್‌ಗಾಟ್ ಗುಹೆಯ ಏಳು ಸಾವಿರಕ್ಕೂ ಹೆಚ್ಚು ಮೂಳೆಚೂರುಗಳನ್ನು ಎಣಿಸಿದ ಅಂಗರಚನಾವಿಜ್ಞಾನಿ ರೇಮಂಡ್ ಡಾರ್ಟ್, ಜಿಂಕೆ ಜಾತಿಯ ಪ್ರಾಣಿಗಳ ಮುಂಗಾಲಿನ ಮೇಲ್ಮೂಳೆಯಲ್ಲಿ ಕೆಳತುದಿಗಳೇ ರಾಶಿಯಾಗಿರುವುದನ್ನೂ ಭುಜದ ಕಡೆಯ ತುದಿ ಅಪರೂಪವಾಗಿರುವುದನ್ನೂ ಕಂಡರು. ನಮ್ಮ ಪೂರ್ವಜರು ಅವನ್ನು ಗದೆಯಾಗಿ ಆರಿಸಿ ತಂದರು, ಅವರು ಕೊಲ್ಲುವುದನ್ನೇ ಕಸುಬು ಮಾಡಿಕೊಂಡವರು ಎಂದು ವಾದಿಸಿದರು. ಬಹಳ ಜನ ಅದನ್ನು ನಂಬಿದರು.

ಜೀವಾಶ್ಮ ವಿಜ್ಞಾನಿ ಸಿ. ಕೆ. ಬ್ರೇನ್ 1960ರ ದಶಕದಲ್ಲಿ ನಮೀಬ್ ಮರುಭೂಮಿಯ ಕುಯಿಸೆಬ್ ನದಿಯ ದಂಡೆಗೆ ಹೋಗಿ, ಅಲ್ಲಿನ ಹಟ್ಟಿಗಳ ಸುತ್ತ ಬಿದ್ದಿದ್ದ ಮೇಕೆ ಮೂಳೆಗಳನ್ನು ಆಯ್ದರು. ಜನ ತಿಂದು, ಒಡೆದು, ನೆಣ ಹೀರಿ ಎಸೆದದ್ದನ್ನು ಅಲ್ಲಿ ನಾಯಿಗಳು ಅಗಿಯುತ್ತಿದ್ದವು. ಅಲ್ಲೂ ಕೆಳತುದಿಗಳೇ ರಾಶಿ! ಎಳೆಯ ಮೇಕೆಯಲ್ಲಿ ಆ ತುದಿ ಬೇಗ ಬೆಸೆದು ಗಟ್ಟಿಯಾಗುತ್ತದೆ. ಭುಜದ ಕಡೆಯದು ಬಹುಕಾಲ ಮೆತ್ತಗೇ ಇರುತ್ತದೆ, ಹಲ್ಲಿಗೆ ಸುಲಭದ ತುತ್ತು. ಯಾರೂ ಯಾವುದನ್ನೂ ಆರಿಸಿ ತಂದಿರಲಿಲ್ಲ. ಮೇಕೆಯ ಹಟ್ಟಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ದೊಡ್ಡ ಸಿದ್ಧಾಂತವನ್ನು ಅಲುಗಿಸಿದ ಈ ಕೆಲಸಕ್ಕೆ ಸಮನಾದದ್ದು ಮೂಳೆ ಓದುವ ಈ ವಿದ್ಯೆಯಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ದಕ್ಷಿಣ ಆಫ್ರಿಕಾದ್ದೇ ಆದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ 1949ರಲ್ಲಿ ಒಂದು ಮಗುವಿನ ತಲೆಬುರುಡೆ ಸಿಕ್ಕಿತ್ತು. ನಮ್ಮ ವಂಶಕ್ಕೆ ಹತ್ತಿರದ, ಈಗ ಅಳಿದುಹೋಗಿರುವ ಪರಾಂತ್ರೊಪಸ್ ಜಾತಿಯ ಮಗು. ಹತ್ತು ಲಕ್ಷ ವರ್ಷಕ್ಕೂ ಹಳೆಯ ಆ ಬುರುಡೆಯ ಹಿಂಭಾಗದಲ್ಲಿ ಎರಡು ದುಂಡು ತೂತುಗಳು, ನಡುವೆ ಸುಮಾರು 33 ಮಿಲಿಮೀಟರ್ ಅಂತರ. ಯಾರೋ ಆಯುಧದಿಂದ ತಿವಿದದ್ದು ಎಂದು ಕೆಲವರು ಊಹಿಸಿದ್ದರು. ಬ್ರೇನ್ ಅದೇ ಗುಹೆಯಲ್ಲಿ ಸಿಕ್ಕ ಚಿರತೆಯ ಕೆಳದವಡೆಯನ್ನು ತಂದು ತೂತುಗಳಿಗೆ ಹಿಡಿದರು. ಕೋರೆಹಲ್ಲುಗಳೆರಡೂ ಸರಿಯಾಗಿ ಇಳಿದವು.

ಆ ಗುಹೆಯ ಸುತ್ತಲಿನ ಬಯಲಿನಲ್ಲಿ ಮರಗಳು ಹೆಚ್ಚಾಗಿ ಬೆಳೆಯುವುದು ಗುಹೆಗಳ ಬಾಯಲ್ಲಿ. ಬೇಟೆಯನ್ನು ಕತ್ತೆಕಿರುಬಕ್ಕೆ ಸಿಗದಂತೆ ಮರಕ್ಕೇರಿಸುವುದು ಚಿರತೆಯ ಅಭ್ಯಾಸ. ಮಗುವಿನ ತಲೆಯನ್ನು ಬಾಯಲ್ಲಿ ಕಚ್ಚಿ ಎಳೆದುಕೊಂಡು ಬಂದಿರಬೇಕು. ತಿಂದು ಬಿಟ್ಟದ್ದು ಕೊಂಬೆಯಿಂದ ಕೆಳಗಿನ ಕತ್ತಲೆಗೆ ಬಿತ್ತು. ಆ ಬುರುಡೆಯ ಚಿತ್ರ ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ತಲೆಯ ಹಿಂಬದಿಗೆ ಹೋಗುತ್ತದೆ.