ಪಾಸ್ತಾ ಸಂಧಿ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂತು ಎಂದು ಹೇಳುವುದು ವಾಡಿಕೆ. ವಾಸ್ತವದಲ್ಲಿ ಅದು ಮನೆಗೇ ಬರುತ್ತದೆ. ಮೊದಲು ಅಡುಗೆಮನೆಯನ್ನು ಹೊಗುತ್ತದೆ. ಡಬ್ಬಿಗಳ ಸ್ಥಾನವನ್ನು ಪಲ್ಲಟಗೊಳಿಸುತ್ತದೆ. ಅನಂತರ ಊಟದ ಪಂಕ್ತಿಯಲ್ಲಿ ಒಂದು ತಟ್ಟೆಯನ್ನು ಉಳಿದ ತಟ್ಟೆಗಳಿಂದ ಬೇರ್ಪಡಿಸುತ್ತದೆ. ರೋಗಕ್ಕಿಂತ ಈ ಬೇರ್ಪಡೆಯೇ ಹೆಚ್ಚು ನೋಯಿಸುತ್ತದೆಂಬುದನ್ನು ಅನುಭವಿಸಿದವರು ಬಲ್ಲರು.

ನಮ್ಮ ಮನೆಯಲ್ಲಿ ಹೀಗೆ ಬೇರೆಯಾದ ತಟ್ಟೆ ನನ್ನ ತಂದೆಯವರದು. ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ವಯಸ್ಸು 69. ಅಮ್ಮ ಇದ್ದಷ್ಟು ಕಾಲ ಭಾನುವಾರವೆಂದರೆ ಒತ್ತು ಶಾವಿಗೆ, ಕಾಯಿಹಾಲು. ಅಮ್ಮನೊಡನೆ ಅದೂ ಹೋಯಿತು. ಶಾವಿಗೆ ಒರಳು ಅಟ್ಟ ಸೇರಿತು. ಕೆಲವು ವರ್ಷಗಳ ತರುವಾಯ ಆ ತೆರವಾದ ಸ್ಥಾನಕ್ಕೆ ನನ್ನ ಒಂಬತ್ತು ವರ್ಷದ ಮಗಳು ಪಾಸ್ತಾವನ್ನು ತಂದು ಕೂರಿಸಿದಳು. ಅಪ್ಪ ಮೊದಮೊದಲು ಅದನ್ನು ಅನುಮಾನದಿಂದ ನೋಡಿದರೂ, "ಎಳೆ ಎಳೆಯಾಗಿದೆ, ನಮ್ಮ ಶಾವಿಗೆಯ ದಾಯಾದಿಯೇ ಸರಿ" ಎಂದು ಅಂಗೀಕರಿಸಿದರು. ಅಜ್ಜ ಮೊಮ್ಮಗಳು ಎದುರುಬದುರು ಕುಳಿತು, ಫೋರ್ಕಿಗೆ ಎಳೆ ಸುತ್ತುವ ಪಂದ್ಯ ಕಟ್ಟಿಕೊಂಡು ಉಣ್ಣುವುದು ಭಾನುವಾರದ ರಾತ್ರಿಯ ನಿಯಮವಾಯಿತು.

ಕಳೆದ ವರ್ಷ ರಕ್ತಪರೀಕ್ಷೆಯಲ್ಲಿ ಅವರ ಮೂರು ತಿಂಗಳ ಸರಾಸರಿ ಶೇಕಡ 8.6 ಎಂದು ಬಂತು. ವೈದ್ಯರು ಮಾತ್ರೆ ಬರೆದರು. ಪಿಷ್ಟ ಪದಾರ್ಥಗಳನ್ನು ಹಿತಮಿತಗೊಳಿಸಿ ಎಂದರು. ಗಣಿತದ ಮೇಷ್ಟರು 'ಹಿತಮಿತ' ಎಂಬ ಅಳತೆಯಿಲ್ಲದ ಮಾತನ್ನು ಒಪ್ಪುವವರಲ್ಲ. ಅವರು ಪಾಸ್ತಾವನ್ನು ಪೂರ್ಣವಾಗಿ ಬಿಟ್ಟರು. ಭಾನುವಾರ ಏಳು ಗಂಟೆಗೇ ಎರಡು ಚಪಾತಿ, ಪಲ್ಯ ಮುಗಿಸಿ, ನಾವು ಊಟಕ್ಕೆ ಕೂರುವ ಹೊತ್ತಿಗೆ ಪತ್ರಿಕೆ ಹಿಡಿದು ಜಗಲಿಗೆ ಹೋಗಿಬಿಡುತ್ತಿದ್ದರು. ಎರಡು ವಾರ ನೋಡಿದ ಮಗಳು ಮೂರನೆಯ ವಾರ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ತಾತ ತಿನ್ನದಿದ್ದರೆ ನನಗೂ ಬೇಡ" ಎಂದಳು. ಅಂದಿನಿಂದ ನಮ್ಮ ಪ್ರಯೋಗಗಳು ಆರಂಭವಾದುವು.

ನಾನು 11 ವರ್ಷಗಳಿಂದ ಕಾಲೇಜಿನಲ್ಲಿ ಸಂಧಿಪ್ರಕರಣವನ್ನು ಪಾಠ ಹೇಳುತ್ತಿರುವವನು. ಎರಡು ಸ್ವರಗಳು ಎದುರಾದಾಗ ಒಂದು ಮರೆಯಾದರೆ ಲೋಪ. ಎರಡೂ ಉಳಿದು ನಡುವೆ ಹೊಸದೊಂದು ಬಂದರೆ ಆಗಮ. ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ನಿಂತರೆ ಆದೇಶ. ಅಪ್ಪನಿಗೂ ಪಾಸ್ತಾಕ್ಕೂ ನಡುವೆ ಬಂದ ತೊಡಕಿಗೆ ಈ ಮೂರನ್ನು ಬಿಟ್ಟು ನಾಲ್ಕನೆಯ ಪರಿಹಾರ ನನಗೆ ತೋಚಲಿಲ್ಲ. ಅಪ್ಪ ಲೋಪವನ್ನು ಆಗಲೇ ಮಾಡಿ ಮುಗಿಸಿದ್ದರು. ಅದರಿಂದ ಸಕ್ಕರೆ ಇಳಿಯಿತು. ಆದರೆ ಮನೆಯಲ್ಲಿ ಬೇರೊಂದೂ ಇಳಿಯಿತು. ಆದ್ದರಿಂದ ನಾವು ಆದೇಶಕ್ಕೆ ಕೈ ಹಾಕಿದೆವು.

ಅದಕ್ಕೆ ಮೊದಲು ಪಾಸ್ತಾದ ಸ್ವಭಾವವನ್ನು ತಿಳಿಯಬೇಕಾಯಿತು. ಇಟಲಿಯವರ ಒಣ ಪಾಸ್ತಾ ಡ್ಯೂರಮ್ ಎಂಬ ಗಡಸು ಗೋಧಿಯ ರವೆಯಿಂದಾದುದು. ನಮ್ಮ ಉತ್ತರ ಕರ್ನಾಟಕದ ಜವೆಗೋಧಿ ಈ ಡ್ಯೂರಮ್ಮಿಗೆ ಹತ್ತಿರದ ಬಂಧು. 'ಸ್ಪಾಗೆಟ್ಟಿ' ಎಂದರೆ ಇಟಲಿಯ ಮಾತಿನಲ್ಲಿ ಸಣ್ಣ ದಾರಗಳು ಎಂದೇ ಅರ್ಥ. ಶಾವಿಗೆಯ ಪ್ರಸ್ತಾಪವಾದರೋ ಕ್ರಿ. ಶ. 1025ರ ಸುಮಾರಿನ ಕನ್ನಡ ಗ್ರಂಥವಾದ 'ಲೋಕೋಪಕಾರ'ದಲ್ಲಿಯೇ ಇದೆ. ಆದ್ದರಿಂದ ಅಪ್ಪ ಹೇಳಿದ ದಾಯಾದಿ ಸಂಬಂಧ ಹೊಸತೇನೂ ಅಲ್ಲ. ಆದರೆ ಒಣ ಪಾಸ್ತಾ 100 ಗ್ರಾಮಿನಲ್ಲಿ ಸುಮಾರು 75 ಗ್ರಾಂ ಪಿಷ್ಟ. ಡ್ಯೂರಮ್ ರವೆಯ ಸಸಾರಜನಕ ಬಿಗಿಯಾದ ಬಲೆಯಂತೆ ಪಿಷ್ಟವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬಿಳಿಯ ಬ್ರೆಡ್ಡಿಗಿಂತ ಪಾಸ್ತಾ ನಿಧಾನವಾಗಿ ಸಕ್ಕರೆಯನ್ನು ಏರಿಸುತ್ತದೆ, ನಿಜ. ಮೆತ್ತಗಾಗುವಂತೆ ಬೇಯಿಸಿದರೆ ಆ ಗುಣವೂ ಕುಂದುತ್ತದೆ. ಹಲ್ಲಿಗೆ ಸ್ವಲ್ಪ ತಾಗುವಂತೆ ಬೇಯಿಸಬೇಕೆಂದು ಇಟಲಿಯವರು ಹೇಳುವುದರಲ್ಲಿ ರುಚಿಯೊಡನೆ ಈ ಅನುಕೂಲವೂ ಸೇರಿದೆ. ಆದರೂ ನಿಧಾನವಾಗಿ ಬರುವ ಸಾಲವೂ ಸಾಲವೇ ತಾನೆ!

ನೆರೆಹೊರೆಯವರು ಮೊದಲು ಸೂಚಿಸಿದ್ದು ರಾಗಿ ಶಾವಿಗೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು. ಅದರ ಗೌರವಕ್ಕೆ ನಾನೇನೂ ಕುಂದು ತರುವುದಿಲ್ಲ. ಆದರೆ ಪಿಷ್ಟದ ಲೆಕ್ಕದಲ್ಲಿ ಅದು ಗೋಧಿಗಿಂತ ಬಹಳ ಹಿಂದೆ ಉಳಿದಿಲ್ಲ. ಅಪ್ಪ ಇದನ್ನು ಕೋಷ್ಟಕ ನೋಡಿ ಖಚಿತಪಡಿಸಿಕೊಂಡು, "ಬಣ್ಣ ಬದಲಾದರೆ ಬೆಲೆ ಬದಲಾಗದು" ಎಂದು ಬದಿಗಿಟ್ಟರು.

ಎರಡನೆಯದು ಕಡಲೆಹಿಟ್ಟಿನ ಪಾಸ್ತಾ; ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಇದರಲ್ಲಿ ಸಸಾರಜನಕ 20 ಗ್ರಾಮಿನಷ್ಟಿದೆ, ನಾರೂ ಧಾರಾಳ. ಪಿಷ್ಟ ಗೋಧಿಯದಕ್ಕಿಂತ ಕಡಮೆಯೇ ಹೊರತು ಅಲ್ಪವಲ್ಲ. ರುಚಿಯಲ್ಲಿ ಬೋಂಡದ ನೆನಪು ತರುತ್ತದೆ. ಒಂದು ನಿಮಿಷ ಹೆಚ್ಚು ಬೆಂದರೆ ಎಳೆಗಳು ಮುರಿದು ಗಂಜಿಯಾಗುತ್ತವೆ, ಏಕೆಂದರೆ ಗೋಧಿಯ ಅಂಟು ಕಡಲೆಗಿಲ್ಲ. ಮಗಳು ಎರಡು ತುತ್ತು ತಿಂದು, "ಇದಕ್ಕೆ ಚಟ್ನಿ ಬೇಕು" ಎಂದಳು. ಅದು ವಿಮರ್ಶೆಯೆಂದೇ ನಾವು ತಿಳಿದೆವು.

ಮೂರನೆಯದು ಜಪಾನಿನ ಶಿರಾತಾಕಿ. 'ಬಿಳಿಯ ಜಲಪಾತ' ಎಂದು ಹೆಸರಿನ ಅರ್ಥ. ಕೊಂಜಾಕ್ ಎಂಬ ಗೆಡ್ಡೆಯ ಹಿಟ್ಟನ್ನು ಸುಣ್ಣದ ತಿಳಿಯಿಂದ ಗಟ್ಟಿಗೊಳಿಸಿ ಮಾಡಿದ ಎಳೆ ಇದು. ಶೇಕಡ 97ರಷ್ಟು ನೀರು, ಉಳಿದುದು ಬಹುಪಾಲು ಜೀರ್ಣವಾಗದ ನಾರು. ಈ ಗೆಡ್ಡೆ ನಮ್ಮ ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದುದೆಂದು ತಿಳಿದು ಅಪ್ಪನಿಗೆ ಬಲು ಸಂತೋಷವಾಯಿತು. ಪೊಟ್ಟಣ ಬಿಚ್ಚಿದೊಡನೆ ಆ ಸಂತೋಷ ಅರ್ಧವಾಯಿತು, ಏಕೆಂದರೆ ಅದರ ನೀರಿಗೆ ಮೀನಿನ ವಾಸನೆ. ಚೆನ್ನಾಗಿ ತೊಳೆದು, ಒಣ ಬಾಣಲೆಯಲ್ಲಿ ಬಾಡಿಸಿದರೆ ವಾಸನೆ ಹೋಗುತ್ತದೆ; ರಬ್ಬರಿನ ಗುಣ ಹೋಗುವುದಿಲ್ಲ. ವಯಸ್ಸಾದವರು ಅದನ್ನು ಚೆನ್ನಾಗಿ ಅಗಿದೇ ನುಂಗಬೇಕು. ಬೆಲೆಯನ್ನು ಕೇಳಿದ ಮೇಲೆ ಅಪ್ಪ, "ನೂರಕ್ಕೆ 97 ಪಾಲು ನೀರಿಗೆ ಇಷ್ಟು ಹಣವೆ?" ಎಂದು ಪ್ರಕರಣವನ್ನು ಮುಕ್ತಾಯಗೊಳಿಸಿದರು.

ನಾಲ್ಕನೆಯ ಪ್ರಯೋಗ ನನ್ನ ಶ್ರೀಮತಿಯದು. ಪಾಶ್ಚಾತ್ಯರು ಜುಕೀನಿ ಎಂಬ ಕಾಯಿಯನ್ನು ಎಳೆಯಾಗಿ ಹೆರೆದು ಪಾಸ್ತಾದ ಬದಲು ಬಳಸುತ್ತಾರೆ. ಆಕೆ ಅದರ ಸ್ಥಾನದಲ್ಲಿ ಎಳೆಯ ಸೋರೆಕಾಯಿಯನ್ನು ಆರಿಸಿದಳು. ಅದರಲ್ಲಿ ಪಿಷ್ಟ ಮತ್ತು ಸಕ್ಕರೆ ಕೂಡಿ 100 ಗ್ರಾಮಿಗೆ 3–4 ಗ್ರಾಂ ಮಾತ್ರ. ಮೊದಲು ಒಂದು ಚೂರನ್ನು ಬಾಯಿಗೆ ಹಾಕಿ ನೋಡಬೇಕು. ಕಹಿಯಾದ ಸೋರೆ ವಿಷ, ಅದನ್ನು ಎಸೆಯಲೇಬೇಕು. ಬೀಜದ ಭಾಗವನ್ನು ಬಿಟ್ಟು ಉದ್ದುದ್ದ ಎಳೆ ತೆಗೆದು, ಉಪ್ಪು ಸವರಿ 20 ನಿಮಿಷ ಬಿಟ್ಟು, ಬಂದ ನೀರನ್ನು ಬಟ್ಟೆಯಲ್ಲಿ ಹಿಂಡಿ, ಉರಿಯುವ ಬಾಣಲೆಯಲ್ಲಿ ಎರಡೇ ನಿಮಿಷ ಹೊರಳಿಸಿದರೆ ಎಳೆ ಎಳೆಯಾಗಿಯೇ ಉಳಿಯುತ್ತದೆ. ನೀರಿನಲ್ಲಿ ಬೇಯಿಸಿದರೆ ಅದು ಸಾಂಬಾರಿನ ಹೋಳೇ. ಮೇಲೆ ಟೊಮ್ಯಾಟೊ, ಬೆಳ್ಳುಳ್ಳಿ, ಹಿತ್ತಲಿನ ಕಾಮಕಸ್ತೂರಿ. ಇಟಲಿಯವರು ಬೇಸಿಲ್ ಎಂದು ಕೊಂಡಾಡುವ ಎಲೆ ನಮ್ಮ ಈ ಕಾಮಕಸ್ತೂರಿಯೇ.

ಅಪ್ಪ ಈ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದರು: ದಿನಾಂಕ, ಪದಾರ್ಥ, ತೂಕ, ಉಂಡ ಎರಡು ಗಂಟೆಯ ಮೇಲಿನ ಸಕ್ಕರೆ. ಹೋಲಿಕೆಗೆಂದು ಒಮ್ಮೆ ಹಳೆಯ ಕ್ರಮದಲ್ಲೇ ಉಂಡ ಗೋಧಿ ಪಾಸ್ತಾಕ್ಕೆ 231, ಕಡಲೆಯದಕ್ಕೆ 176, ಶಿರಾತಾಕಿಗೆ 134, ಸೋರೆಗೆ 142. ವೈದ್ಯರು ಹೇಳಿದ ಮಿತಿ 180. ಇವು ಒಬ್ಬರ ಮೈಯ ಅಂಕಿಗಳು, ಇನ್ನೊಬ್ಬರಿಗೆ ಸೂತ್ರವಲ್ಲ.

ಲೆಕ್ಕದಲ್ಲಿ ಸೋರೆ ಗೆದ್ದಿತ್ತು. ಆದರೂ ಅಪ್ಪನ ಮುಖದಲ್ಲಿ ಗೆಲುವಿರಲಿಲ್ಲ. ಶ್ರೀಮತಿ ಕೇಳಿದಳು: "ರುಚಿಯಾಗಿಲ್ಲವೇ ಮಾವ?" ಅವರು ತುಸು ಹೊತ್ತು ಸುಮ್ಮನಿದ್ದು, "ರುಚಿಗೇನಮ್ಮಾ, ಚೆನ್ನಾಗಿದೆ. ಆದರೆ ಮಗುವಿನ ತಟ್ಟೆಯಲ್ಲಿ ಒಂದು, ನನ್ನದರಲ್ಲಿ ಇನ್ನೊಂದು. ಫೋರ್ಕಿಗೆ ಇದು ಸುತ್ತಿಕೊಳ್ಳುವುದೂ ಇಲ್ಲ" ಎಂದರು. ಅವರು ತಪ್ಪಿಸಿಕೊಂಡದ್ದು ಗೋಧಿಯನ್ನಲ್ಲ, ಪಂದ್ಯವನ್ನು ಎಂಬುದು ನಮಗೆ ಆಗ ಅರ್ಥವಾಯಿತು. ಆದೇಶದಲ್ಲಿ ಹೊಸ ಅಕ್ಷರ ಎಷ್ಟೇ ಯೋಗ್ಯವಾಗಿರಲಿ, ಹಳೆಯದು ಹೋಗಿಯೇ ಹೋಗುತ್ತದೆ.

ಉಳಿದುದು ಆಗಮ. ಮನೆ, ಅಲ್ಲಿ ಎಂಬೆರಡರ ನಡುವೆ ಯಕಾರ ಬಂದು 'ಮನೆಯಲ್ಲಿ' ಆಗುವಾಗ ಯಾವುದೂ ನಷ್ಟವಾಗುವುದಿಲ್ಲ. ಅದೇ ರೀತಿ ಈಗ ತಲೆಗೆ 25 ಗ್ರಾಂ ನಿಜವಾದ ಪಾಸ್ತಾ. ಅದರ ಪಿಷ್ಟ ಹತ್ತೊಂಬತ್ತು ಗ್ರಾಂ. ಅದರೊಳಗೆ ಕೈತುಂಬ ಸೋರೆಯ ಎಳೆ, ಒಂದಿಷ್ಟು ಪನೀರು, ಬೆಂದ ಕಡಲೆಕಾಳು. ಎಲ್ಲರಿಗೂ ಒಂದೇ ಬಾಣಲೆಯಿಂದ. ಬೆಳೆಯುವ ಮಗುವಿಗೆ ಮಾತ್ರ ಮೇಲೊಂದು ಸೌಟು ಪಾಸ್ತಾ. ನೋಟುಪುಸ್ತಕದ ಅಂಕಿ 158. ಫೋರ್ಕಿಗೆ ಪಾಸ್ತಾ ಸುತ್ತುತ್ತದೆ, ಸೋರೆ ಅದರ ಜೊತೆಗೆ ಬರುತ್ತದೆ.

ಇಂಥ ಬದಲಾವಣೆಗೆ ತೊಡಗುವ ವಾಚಕರಿಗೆ ಒಂದು ಮಾತು. ಪಿಷ್ಟವನ್ನು ತಟ್ಟನೆ ಇಳಿಸಿ ಹಳೆಯ ಪ್ರಮಾಣದಲ್ಲೇ ಮಾತ್ರೆ ನುಂಗಿದರೆ, ಕೆಲವು ಮಾತ್ರೆಗಳಿಂದಲೂ ಇನ್ಸುಲಿನ್ನಿನಿಂದಲೂ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ನಮ್ಮ ವೈದ್ಯರು ಮೊದಲೇ ಎಚ್ಚರಿಸಿ, ಮಾತ್ರೆಯ ಪ್ರಮಾಣವನ್ನು ತಗ್ಗಿಸಿಕೊಟ್ಟರು. ಮೂತ್ರಪಿಂಡದ ತೊಂದರೆಯಿರುವವರಿಗೆ ಬೇಳೆಕಾಳಿನ ಲೆಕ್ಕವೂ ಬೇರೆ. ಅಡುಗೆಮನೆಯ ವ್ಯಾಕರಣವನ್ನು ನಾವು ಬದಲಿಸಬಹುದು. ಔಷಧದ ವ್ಯಾಕರಣವನ್ನು ವೈದ್ಯರೇ ತಿದ್ದಬೇಕು.

ಮೂರು ತಿಂಗಳ ಸರಾಸರಿ ಈಗ 7.1ಕ್ಕೆ ಬಂದಿದೆ. ಇದರಲ್ಲಿ ಮಾತ್ರೆಯ ಪಾಲೆಷ್ಟು, ಸಂಜೆಯ ನಡಿಗೆಯ ಪಾಲೆಷ್ಟು, ಸೋರೆಯ ಪಾಲೆಷ್ಟು ಎಂದು ವಿಂಗಡಿಸಲು ಗಣಿತದ ಮೇಷ್ಟರಿಂದಲೂ ಆಗಿಲ್ಲ. ಕಳೆದ ವಾರ ಅವರು ಅಟ್ಟದಿಂದ ಶಾವಿಗೆ ಒರಳನ್ನು ಇಳಿಸಿ, ಎಣ್ಣೆ ಹಚ್ಚಿ ಒರೆಸಿಟ್ಟಿದ್ದಾರೆ. ಕಡಲೆಹಿಟ್ಟಿಗೆ ಎಷ್ಟು ಪಾಲು ಅಕ್ಕಿಹಿಟ್ಟು ಬೆರೆಸಿದರೆ ಎಳೆ ಮುರಿಯದು ಎಂಬುದು ಅವರ ಈಗಿನ ಸಮಸ್ಯೆ. ನೋಟುಪುಸ್ತಕದಲ್ಲಿ ಅದಕ್ಕೆಂದು ಒಂದು ಹೊಸ ಪುಟಕ್ಕೆ ಗೆರೆ ಹೊಡೆದಿದ್ದಾರೆ. ಒತ್ತುವುದಕ್ಕೆ ತೋಳಿನ ಬಲ ಬೇಕೆಂದು ಮುಂದಿನ ಭಾನುವಾರಕ್ಕೆ ನನ್ನನ್ನು ಗೊತ್ತುಮಾಡಿದ್ದಾರೆ.