ಸ್ನಾನಗೃಹದ ಕಾವಲುಗಾರ

ಸೌದೆಯೊಲೆಯ ಮೇಲಣ ಹಂಡೆ ಸೋರಿದರೆ ಕಣ್ಣಿಗೆ ಕಾಣುತ್ತಿದ್ದಿತು. ವಿದ್ಯುತ್ತಿನ ಗೀಸರು ಕೆಟ್ಟರೆ ಊಹೆಯಿಂದಲೇ ತಿಳಿಯಬೇಕು. ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದಕ್ಕೆ ನೈಯಾಯಿಕರು ಶೇಷವತ್ ಎಂದು ಹೆಸರಿಟ್ಟಿರುವರು. ಗೃಹಸ್ಥರಿಗೆ ಅದು ಈಗ ಸ್ನಾನಗೃಹದಲ್ಲಿಯೂ ಬೇಕಾಗಿದೆ.

ಕಳೆದ ಮಾಗಿಯಲ್ಲಿ ನಮ್ಮ ಮನೆಯ ಗೀಸರನ್ನು ಹಾಕಿದೊಡನೆಯೇ ಇಡೀ ಮನೆಯ ವಿದ್ಯುತ್ತು ನಿಂತುಹೋಗತೊಡಗಿತು. ಅದನ್ನು ನಿಲ್ಲಿಸುತ್ತಿದ್ದುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ಚು. ನೆರೆಯವರೊಬ್ಬರು, "ಆ ಸ್ವಿಚ್ಚನ್ನು ಬಿಟ್ಟು ನೇರವಾಗಿ ತಂತಿ ಎಳೆಸಿಬಿಡಿ, ಮೇಷ್ಟ್ರೇ" ಎಂದರು. ನಾವು ಒಪ್ಪಲಿಲ್ಲ. ಒಂದು ತಂತಿಯಲ್ಲಿ ಹೋದ ವಿದ್ಯುತ್ತು ಅಷ್ಟೂ ಇನ್ನೊಂದರಲ್ಲಿ ಹಿಂದಿರುಗದೆ, ಸ್ವಲ್ಪ ಭಾಗವು ಬೇರೆ ದಾರಿ ಹಿಡಿದಾಗ ಅದು ಬೀಳುವುದು. ಆ ದಾರಿಯು ಸ್ನಾನಕ್ಕೆ ನಿಂತ ಮಗುವೂ ಆಗಬಹುದು.

ಮುಖ್ಯ ಸ್ವಿಚ್ಚನ್ನು ಆರಿಸಿ, ಗೀಸರಿನ ಪ್ಲಗ್ಗನ್ನು ಕಿತ್ತು, ಮತ್ತೆ ಹಾಕಿದೆವು. ದೀಪ, ಫ್ಯಾನುಗಳೆಲ್ಲವೂ ನಡೆದವು. ರಕ್ಷಕ ಸ್ವಿಚ್ಚು ಬೀಳಲಿಲ್ಲ. ದೋಷವು ಗೀಸರಿನೊಳಗೇ ಎಂದು ನಿಶ್ಚಯವಾಯಿತು. ಮಿಸ್ತ್ರಿಯು ಬಂದು ಬಿಚ್ಚಲು, ಕೊಳವೆಬಾವಿಯ ಗಡಸುನೀರಿನ ಸುಣ್ಣವು ಕಾಯಿಲಿನ ಮೇಲೆ ದಪ್ಪನಾಗಿ ಕಟ್ಟಿದ್ದಿತು. ಶಾಖವನ್ನು ನೀರಿಗೆ ಬಿಟ್ಟುಕೊಡಲಾರದೆ ಕಾಯಿಲು ತಾನೇ ಕಾದು, ಅದರ ಲೋಹದ ಕವಚವು ಬಿರಿದಿದ್ದಿತು. ಹೊಸ ಕಾಯಿಲನ್ನು ಹಾಕಿಸಿ, ಅರ್ತ್ ತಂತಿಯನ್ನೂ ಪರೀಕ್ಷೆ ಮಾಡಿಸಿದೆವು.

ನೀರು ಕಾಯದಿದ್ದರೆ ನಾಲ್ಕು ದಿನ ತಣ್ಣೀರಿನ ಸ್ನಾನ, ಅಷ್ಟೇ ನಷ್ಟ. ಬೀಳುವ ಸ್ವಿಚ್ಚನ್ನು ತೆಗೆಸಿಹಾಕಿದರೆ ಒದಗುವ ನಷ್ಟಕ್ಕೆ ಪರಿಹಾರವೇ ಇಲ್ಲ. ಬೊಗಳುವ ನಾಯಿಯನ್ನು ಹೊಡೆಯುವ ಮೊದಲು ಬಾಗಿಲಲ್ಲಿ ಯಾರಿರುವರೆಂದು ನೋಡುವುದು ಲೇಸು.